ಮುಹೂರ್ತದ ನಾಯಕಿ

ಚಾಮರಾಜಪೇಟೆಯಲ್ಲಿ ನಾನು ಬಾಡಿಗೆಗಿರುವ ಮನೆಯ ಮೇಲಿನ ಅಂತಸ್ತಿನಲ್ಲಿ ಮನೆಯ ಯಜಮಾನಿ ಇರುತ್ತಾರೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ಏಕವಚನದಲ್ಲೇ ಮಾತಾಡಿಸುತ್ತಾರೆ. ಒಂದು ಶುಕ್ರವಾರ ಸಂಜೆ ಅವರು ಬಸವನಗುಡಿಯಿಂದ ಬಂದವರೇ ತಮ್ಮ ಮನೆಯ ಮೆಟ್ಟಿಲು ಹತ್ತದೆ ಸೀದಾ ನನ್ನ ಬಾಗಿಲಿಗೆ ಬಂದರು. ಕೈಯಲ್ಲಿ ಪ್ರಸಾದದ ಪೊಟ್ಟಣ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಕೂತವರು ಒಂದು ಲೋಟ ನೀರನ್ನೂ ಕೇಳದೆ, ನೀನು ಆ ಇಂಟರ್ನೆಟ್ಟಲ್ಲಿ ಬರೀತೀಯಲ್ಲ, ಅದರಲ್ಲಿರೋದೆಲ್ಲ ನಿಜಾನಾ ಎಂದು ಕೇಳಿದರು.

ಹೊಟ್ಟೆಪಾಡಿಗೆ ನಾನು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ತಿದ್ದುವ ಚಟ ಕೆಲಸದ ಹೊತ್ತು ಮುಗಿದರೂ ಮುಗಿಯದು. ಹಾಗಾಗಿ ಮನೆಗೆ ಬಂದ ಮೇಲೆ ಅಂತರ್ಜಾಲದ ವಿಶ್ವಕೋಶದ ಕನ್ನಡ ಪುಟಗಳನ್ನು ತಿದ್ದುತ್ತೇನೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಬೈಗುಳದ ಹೊರತು ಯಾರಿಗೂ ಏನೂ ದಕ್ಕದು. ಬರೆದ ಪ್ರತಿ ಮಾತಿಗೂ ಎಲ್ಲಾದರೂ ಅಚ್ಚಾದ ಆಧಾರ ತೋರಿಸಬೇಕು ಎನ್ನುವುದು ಅಲ್ಲಿನ ದೊಡ್ಡ ನಿಯಮ. ಅದನ್ನು ನಾವು ಉಲ್ಲೇಖ ಎನ್ನುತ್ತೇವೆ. ಉಲ್ಲೇಖವಿಲ್ಲದ ಸಾಲು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ತಮ್ಮ ಬೀದಿಯ ಗುಡಿಯನ್ನು ಪುರಾತನ ಎಂದವರದ್ದು, ತಮ್ಮ ಮಾವನನ್ನು ಖ್ಯಾತ ಸಾಹಿತಿ ಎಂದವರದ್ದು, ಎಲ್ಲರ ಸಾಲನ್ನೂ ಅಳಿಸಿ ಎಲ್ಲರಿಂದಲೂ ಉಗಿಸಿಕೊಂಡಿದ್ದೇನೆ. ಆದ್ದರಿಂದ ಅಕ್ಕನಿಗೆ, ಹೆಚ್ಚುಕಮ್ಮಿ ಎಲ್ಲ ನಿಜವೇ ಎಂದೆ, ಸ್ವಲ್ಪ ಬೀಗಿಕೊಂಡೇ.

"ಹಾಗಾದ್ರೆ ಸುಳ್ಳು ಹೇಳಿದೋಳು ನಾನೇ ಅಂತಾಯ್ತು" ಎಂದರು.

ನಡೆದದ್ದು ಇಷ್ಟು. ಪ್ರತಿ ಶುಕ್ರವಾರ ಅವರ ಲಲಿತಾ ಸಹಸ್ರನಾಮದ ಗುಂಪು ಒಬ್ಬೊಬ್ಬರ ಮನೆಯಲ್ಲಿ ಸೇರುತ್ತದೆ. ಆ ದಿನ ಪಾರಾಯಣ ಮುಗಿದು ಕೋಸಂಬರಿಯ ದೊನ್ನೆ ಕೈಗೆ ಬಂದ ಮೇಲೆ ಹಳೆಯ ಸಿನಿಮಾಗಳ ಮಾತು ಬಂತಂತೆ. ಯಾರು ಯಾರನ್ನು ಹತ್ತಿರದಿಂದ ನೋಡಿದ್ದರು, ಯಾರ ಮನೆ ಮುಂದೆ ಶೂಟಿಂಗ್ ನಡೆದಿತ್ತು, ಇಂಥವು. ಅಕ್ಕ, ಅದೇನು ತೋಚಿತೋ, ಅಷ್ಟು ವರ್ಷ ಬಾಯಿ ಬಿಡದ ವಿಷಯವನ್ನು ಬಾಯಿ ಬಿಟ್ಟರು: ನಾನೂ ಒಂದು ಸಿನಿಮಾದಲ್ಲಿ ಹೀರೋಯಿನ್ ಆಗಿದ್ದೆ. ಹೆಸರು ಕೇಳಿದರು, ಹೇಳಿದರು. ಪಕ್ಕದಲ್ಲಿದ್ದ ಹೆಂಗಸು ಫೋನ್ ತೆಗೆದು ನಮ್ಮ ವಿಶ್ವಕೋಶದ ಪುಟವನ್ನು ಹುಡುಕಿ, ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. ಸಿನಿಮಾ ಇತ್ತು. ನಾಯಕಿಯ ಜಾಗದಲ್ಲಿ ಬೇರೆ ಹೆಸರಿತ್ತು, ಎಲ್ಲರಿಗೂ ಗೊತ್ತಿರುವ ದೊಡ್ಡ ಹೆಸರು. ಇದರಲ್ಲಿ ನೀವೇ ಇಲ್ವಲ್ರೀ ಎಂದರು ಆಕೆ. ಎಲ್ಲರೂ ನಕ್ಕರು. ಕೆಟ್ಟ ನಗು ಅಲ್ಲ, ವಯಸ್ಸಾದವರು ಏನಾದರೂ ಅಂದಾಗ ನಕ್ಕು ಸುಮ್ಮನಾಗುತ್ತಾರಲ್ಲ, ಆ ನಗು. ಅಕ್ಕನಿಗೆ ಉರಿದದ್ದು ಅದಕ್ಕೇ.

ನಾನು ಲ್ಯಾಪ್‌ಟಾಪ್ ತೆಗೆದು ಪುಟ ನೋಡಿದೆ. ಮೋಟು ಲೇಖನ. ಬರೆದವರು ಆ ದೊಡ್ಡ ನಟಿಯ ಅಭಿಮಾನಿ, ಆಕೆ ಕಾಲಿಟ್ಟ ಸಿನಿಮಾಕ್ಕೆಲ್ಲ ಒಂದೊಂದು ಪುಟ ಮಾಡಿಟ್ಟಿದ್ದ ಪುಣ್ಯಾತ್ಮ. ಉಲ್ಲೇಖಗಳು ಮಾತ್ರ ಭರ್ಜರಿಯಾಗಿದ್ದವು, ಮೂರು ಪತ್ರಿಕೆಗಳದ್ದು. ಮೂರೂ ಮುಹೂರ್ತದ ವರದಿಗಳು.

ಮುಹೂರ್ತದ ಬಗ್ಗೆ ನನಗಿರುವ ಸಿಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಸಿನಿಮಾ ಆಗುವುದಕ್ಕಿಂತ ಮೊದಲು ಸುದ್ದಿ ಆಗುತ್ತದೆ. ದೇವಸ್ಥಾನದಲ್ಲಿ ಕ್ಯಾಮೆರಾಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಯಾರೋ ಗಣ್ಯರು ಕ್ಲಾಪ್ ಮಾಡಿ, ನಾಯಕ ನಾಯಕಿ ದೇವರ ಮುಂದೆ ಕೈಮುಗಿದು ನಿಂತ ಫೋಟೊ ಮಾರನೆಯ ವಾರ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ಊಟ ಹಾಕಿಸಿರುತ್ತಾರಲ್ಲ. ಆಮೇಲೆ ಆ ಸಿನಿಮಾ ಮುಗಿಯಿತೋ, ನಿಂತುಹೋಯಿತೋ, ಯಾರನ್ನು ಬಿಟ್ಟು ಯಾರನ್ನು ಹಾಕಿಕೊಂಡರೋ ಕೇಳುವವರಿಲ್ಲ. ಬಿಡುಗಡೆಯಾದ ವಾರ ಪಕ್ಕದ ಥಿಯೇಟರಿನಲ್ಲಿ ದೊಡ್ಡ ಸಿನಿಮಾ ಇದ್ದರೆ ವಿಮರ್ಶೆಯೂ ಬರುವುದಿಲ್ಲ. ಹೀಗಾಗಿ ಸಣ್ಣ ಸಿನಿಮಾದ ವಿಷಯದಲ್ಲಿ ಲೋಕಕ್ಕೆ ಉಳಿಯುವುದು ಕಾಯಿ ಒಡೆದ ಸಂಗತಿ ಒಂದೇ.

ಅಕ್ಕನ ಸಿನಿಮಾದಲ್ಲಿ ಆದದ್ದೂ ಅದೇ. ಮುಹೂರ್ತಕ್ಕೆ ನಿಂತ ನಾಯಕಿಗೆ ಸ್ವಲ್ಪ ದಿನದಲ್ಲೇ ದೊಡ್ಡ ಕಂಪನಿಯಿಂದ ಕರೆ ಬಂತು, ಆಕೆ ಹೊರಟುಹೋದರು. ನಿರ್ದೇಶಕರು ಕಂಗಾಲಾಗಿ ಮಲ್ಲೇಶ್ವರದ ಒಂದು ಕಾಲೇಜಿನ ನಾಟಕದಲ್ಲಿ ಕಂಡಿದ್ದ ಹುಡುಗಿಯನ್ನು ಹುಡುಕಿಕೊಂಡು ಬಂದರು. ಆ ಹುಡುಗಿ ನಮ್ಮ ಅಕ್ಕ. ಅವರು ಹೇಳಿದ್ದನ್ನು ನಾನು ನಂಬಿದ್ದು ಯಾಕೆಂದರೆ ಹೆಮ್ಮೆಪಡುವಂಥದ್ದೇನನ್ನೂ ಅವರು ಹೇಳಲಿಲ್ಲ. ರವಿಕೆಗಳನ್ನೆಲ್ಲ ಮೊದಲಿನ ನಾಯಕಿಯ ಅಳತೆಗೆ ಹೊಲಿಸಿಯಾಗಿತ್ತಂತೆ. ಹೊಸದು ಹೊಲಿಸಲು ಮನಸ್ಸಿಲ್ಲದೆ ಬೆನ್ನ ಹಿಂದೆ ಸಾಲಾಗಿ ಪಿನ್ನು ಚುಚ್ಚಿ ನಿಲ್ಲಿಸುತ್ತಿದ್ದರಂತೆ. ಅದಕ್ಕೇ ಇಡೀ ಸಿನಿಮಾದಲ್ಲಿ ಅವರು ಎಲ್ಲೂ ಬೆನ್ನು ತಿರುಗಿಸಿ ನಡೆಯುವುದಿಲ್ಲ. ಬಾಗಿಲಿನಿಂದ ಹೊರಗೆ ಹೋಗುವಾಗಲೂ ಹಿಮ್ಮುಖವಾಗಿ ಹೋಗುತ್ತಾರೆ. ಅದನ್ನು ಭಾವನೆ ಎಂದುಕೊಳ್ಳಲಿ ಬಿಡಿ ಎಂದಿದ್ದರಂತೆ ನಿರ್ದೇಶಕರು. ಬಿಸಿಲನ್ನು ಮುಖಕ್ಕೆ ಹಾಯಿಸಲು ಬೆಳ್ಳಿ ಕಾಗದ ಅಂಟಿಸಿದ ಹಲಗೆ ಹಿಡಿಯುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ರೆಪ್ಪೆ ಬಡಿದರೆ ಬೈಗುಳ. ಇಂಥದ್ದನ್ನು ಯಾರೂ ಕಟ್ಟಿ ಹೇಳುವುದಿಲ್ಲ.

ಸಿನಿಮಾ ಡಬ್ಬದಲ್ಲಿ ಕೂತು, ತೆರೆಗೆ ಬರುವ ಹೊತ್ತಿಗೆ ಇವರಿಗೆ ಮದುವೆಯಾಗಿತ್ತು. ಮೊದಲಿನ ನಾಯಕಿ ಅಷ್ಟರಲ್ಲಿ ಹೆಸರು ಮಾಡಿದ್ದರಿಂದ ಪೋಸ್ಟರಿನಲ್ಲಿ ಆಕೆಯ ಹೆಸರನ್ನೇ ಉಳಿಸಿಕೊಂಡರು. ಸರಿಯಾದ ಹೆಸರು ಬಂದದ್ದು ತೆರೆಯ ಮೇಲೆ ಮಾತ್ರ. ಬಳೇಪೇಟೆಯಲ್ಲಿ ಸಗಟು ವ್ಯಾಪಾರದ ಅಂಗಡಿ ಇದ್ದ ಅವರ ಗಂಡ, ಮನೆಯಲ್ಲಿ ಡಾಕ್ಟರ ಹತ್ತಿರ ಹೋಗಿಬರುತ್ತೇವೆ ಎಂದು ಹೇಳಿ, ಮೆಜೆಸ್ಟಿಕ್ ಕಡೆಯ ಒಂದು ಥಿಯೇಟರಿಗೆ ಬೆಳಗಿನ ಆಟಕ್ಕೆ ಕರೆದುಕೊಂಡು ಹೋದರು. ಅತ್ತೆಗೆ ಗೊತ್ತಾದರೆ ರಂಪವಾಗುತ್ತಿತ್ತು. ಸಿನಿಮಾ ಒಂದೇ ವಾರ ಓಡಿತು. ಗಂಡ ತೀರಿಕೊಂಡು ವರ್ಷಗಳಾದವು. ನಿರ್ದೇಶಕರೂ ಇಲ್ಲ, ಆ ದೊಡ್ಡ ನಟಿಯೂ ಇಲ್ಲ. ಸಿನಿಮಾದ ಪ್ರಿಂಟು ಎಲ್ಲೂ ಇಲ್ಲ. ನೋಡಿದ್ದೀನಿ ಅನ್ನೋರು ನಮ್ಮ ಯಜಮಾನರೊಬ್ರೇ ಇದ್ದಿದ್ದು ಎಂದರು ಅಕ್ಕ. ತಾನು ಸುಳ್ಳು ಹೇಳಲಿಲ್ಲ ಅಂತ ಆ ಗುಂಪಿಗೆ ಗೊತ್ತಾಗಬೇಕು, ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಪುಟದಲ್ಲಿ ನಾಯಕಿಯ ಜಾಗಕ್ಕೆ ಅಕ್ಕನ ಹೆಸರನ್ನು ಅಲ್ಲೇ ಹಾಕಿಬಿಟ್ಟೆ. ಒಂದು ಗಂಟೆಯೂ ಕಳೆಯಲಿಲ್ಲ, ಹೋಯಿತು. ತೆಗೆದವರು ಬಸವನಗುಡಿಯ ನಿವೃತ್ತ ಅಧಿಕಾರಿಯೊಬ್ಬರು. ಕನ್ನಡ ಪುಟಗಳ ವಿವಾದಗಳಲ್ಲಿ ಕೊನೆಯ ಮಾತು ಬಹಳ ಸಲ ಅವರದ್ದೇ. ತೆಗೆದದ್ದಕ್ಕೆ ಕಾರಣ ಬರೆದಿದ್ದರು: ಉಲ್ಲೇಖವಿಲ್ಲ. ನಾನು ಊರಿಗೆಲ್ಲ ಬರೆಯುವ ಆ ಒಂದು ಪದ ನನ್ನ ಮುಖಕ್ಕೇ ಬಂದು ಬಡಿದಾಗ ಎಷ್ಟು ಕೋಪ ಬಂತೆಂದರೆ, ಗಾಂಧಿ ಬಜಾರಿನ ಹೋಟೆಲಿನಲ್ಲಿ ಸಿಗಿ ಎಂದು ಬರೆದೆ. ಸಿಕ್ಕರು, ಪಾಪ. ಕಾಫಿಯನ್ನೂ ಅವರೇ ಕೊಡಿಸಿದರು. ನಾನು ಹೇಳಿದ್ದನ್ನೆಲ್ಲ, ರವಿಕೆಯ ಪಿನ್ನಿನವರೆಗೆ, ತಾಳ್ಮೆಯಿಂದ ಕೇಳಿಸಿಕೊಂಡರು.

"ನೀವು ಹೇಳೋದು ನಿಜಾನೇ ಇರಬಹುದು ಮೇಡಂ. ನಿಜ ಇದ್ರೆ ಸಾಕಾಗಲ್ಲ, ಯಾರಾದ್ರೂ ಅಚ್ಚು ಹಾಕಿರಬೇಕು" ಎಂದರು.

ಸುಳ್ಳನ್ನು ಅಚ್ಚು ಹಾಕಿದ್ದರೆ ಆಗುತ್ತದೋ ಎಂದೆ. ಅದು ಸುಳ್ಳು ಎಂದು ಇನ್ನೊಬ್ಬರು ಅಚ್ಚು ಹಾಕಿಲ್ಲವಲ್ಲ ಎಂದರು. ಆ ಮನುಷ್ಯನ ಮೇಲೆ ರೇಗಲೂ ಆಗದು, ಹತ್ತು ವರ್ಷದಿಂದ ನಾನು ಬೇರೆಯವರಿಗೆ ಹೇಳಿಕೊಂಡು ಬಂದದ್ದು ಅದನ್ನೇ.

ಸರಿ, ಅಚ್ಚಾದದ್ದನ್ನೇ ಹುಡುಕೋಣ ಎಂದು ರಜೆ ಹಾಕಿ ಒಂದು ಹಳೆಯ ಗ್ರಂಥಾಲಯಕ್ಕೆ ಹೋದೆ. ಮುಹೂರ್ತದ ತಿಂಗಳಿನ ಪತ್ರಿಕೆಗಳ ಸಂಪುಟ ಸಿಕ್ಕಿತು. ಅಲ್ಲಿ ಆ ದೊಡ್ಡ ನಟಿ ನಿಂತಿದ್ದಾರೆ, ಕಾಯಿ ಇದೆ, ಕ್ಲಾಪ್ ಹಿಡಿದವರು ಹಲ್ಲು ಕಿರಿದಿದ್ದಾರೆ. ಬಿಡುಗಡೆಯ ತಿಂಗಳಿನ ಸಂಪುಟ ಕೇಳಿದರೆ, ಹೊಲಿಗೆ ಬಿಚ್ಚಿ ಪುಡಿಯಾಗಿದೆ, ಕೊಡುವ ಹಾಗಿಲ್ಲ ಎಂದರು. ಯಾವಾಗ ಸರಿಯಾಗುತ್ತದೆ ಎಂದರೆ ಬೈಂಡಿಂಗಿಗೆ ಕಳಿಸಬೇಕು ಎಂದರು. ಯಾವಾಗ ಕಳಿಸುತ್ತೀರಿ ಎಂದರೆ ಪುಡಿಯಾಗಿರುವುದನ್ನು ಬೈಂಡ್ ಮಾಡಲು ಬರುವುದಿಲ್ಲ ಎಂದರು. ನಾನು ಇನ್ನೊಂದು ಮಾತಾಡಿದ್ದರೆ ಕೂಗಾಟವಾಗುತ್ತಿತ್ತು, ಎದ್ದು ಬಂದೆ.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಅಚ್ಚಾದದ್ದು ಸಿಗದಿದ್ದರೆ ಅಚ್ಚು ಹಾಕಿಸಿದರಾಯಿತು. ಮಲ್ಲೇಶ್ವರದಲ್ಲಿ ಬಡಾವಣೆಯ ಸುದ್ದಿ ಹಾಕುವ ಒಂದು ವಾರಪತ್ರಿಕೆ ನಮ್ಮ ಪ್ರೆಸ್ಸಿನಲ್ಲೇ ಮುದ್ರಣವಾಗುತ್ತದೆ. ಅದರ ಸಂಪಾದಕರಿಗೆ, ನಿಮ್ಮ ಮಲ್ಲೇಶ್ವರದ ಹುಡುಗಿಯ ಕಥೆ, ಸಂದರ್ಶನ ಮಾಡಿಸಿ ಎಂದೆ. ಅವರಿಗೂ ಪುಟ ತುಂಬಬೇಕಿತ್ತು. ಒಬ್ಬ ವರದಿಗಾರ್ತಿ ಬಂದಳು. ಅಕ್ಕ ರೇಷ್ಮೆ ಸೀರೆ ಉಟ್ಟು, ಅವಳಿಗೆ ಕಡುಬು ಮಾಡಿಕೊಟ್ಟು, ಮಧ್ಯಾಹ್ನವಿಡೀ ಮಾತಾಡಿದರು. ನಾನು ಬೇಕೆಂದೇ ಕೆಳಗೇ ಉಳಿದೆ. ನಾನು ಬಾಯಿ ಹಾಕಿದರೆ ಅದು ಸ್ವತಂತ್ರ ಆಧಾರವಾಗುವುದಿಲ್ಲ ಎಂಬ ನಿಯಮ ನೆನಪಿತ್ತು. ಅದೇ ಕಾರಣಕ್ಕೆ ಆ ಪುಟದ ಕರಡನ್ನೂ ನಾನು ನೋಡಲಿಲ್ಲ, ಸಹೋದ್ಯೋಗಿಗೆ ಕೊಟ್ಟೆ.

ಪತ್ರಿಕೆ ಬಂತು. ದೊಡ್ಡ ಫೋಟೊ, ಒಳ್ಳೆಯ ಶೀರ್ಷಿಕೆ. ಒಳಗೆ ಓದಿದರೆ, ಅಕ್ಕ ಆ ಚಿತ್ರದಲ್ಲಿ ನಾಯಕಿಯ ಗೆಳತಿಯ ಪಾತ್ರ ಮಾಡಿದ್ದರು ಎಂದಿತ್ತು. ಫೋನ್ ಮಾಡಿ ಕೇಳಿದೆ. ಹುಡುಗಿ ಜಾಗ್ರತೆಯವಳು, ಬಂದ ಕಷ್ಟವೇ ಅದು. ಬರೆಯುವ ಮೊದಲು ಖಚಿತಪಡಿಸಿಕೊಳ್ಳೋಣ ಎಂದು ನಮ್ಮ ವಿಶ್ವಕೋಶವನ್ನು ನೋಡಿದಳಂತೆ. ಅಲ್ಲಿ ನಾಯಕಿ ಬೇರೆ. ವಯಸ್ಸಾದವರಿಗೆ ಮರೆವಿರುತ್ತದೆ, ಮುಜುಗರವಾಗಬಾರದು ಎಂದು ಅವಳೇ ನಯವಾಗಿ ಗೆಳತಿ ಮಾಡಿದ್ದಳು. ಉಳಿದ ಸಾಲುಗಳನ್ನು ನಮ್ಮ ಪುಟದಿಂದಲೇ ಎತ್ತಿಕೊಂಡಿದ್ದಳು. ಎರಡೇ ದಿನದಲ್ಲಿ ಆ ಅಭಿಮಾನಿ ಪುಣ್ಯಾತ್ಮ ಪತ್ರಿಕೆಯನ್ನು ನಾಲ್ಕನೆಯ ಉಲ್ಲೇಖವಾಗಿ ಸೇರಿಸಿ, ಪಾತ್ರವರ್ಗದ ಕೆಳಗೆ ಅಕ್ಕನ ಹೆಸರನ್ನೂ ಹಾಕಿದ: ಗೆಳತಿ. ಮೇಜಿಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಅಕ್ಕನಿಗೆ ತೋರಿಸಿದೆ. ಹೆಸರಾದರೂ ಬಂತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಾರೇನೋ ಎಂದುಕೊಂಡಿದ್ದೆ. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿ, ಆ ಸಿನಿಮಾದಲ್ಲಿ ನಾಯಕಿಗೆ ಗೆಳತಿಯೇ ಇಲ್ಲ ಕಣೆ, ಅವಳು ಒಂಟಿ ಹುಡುಗಿ, ಅದೇ ಕಥೆ ಎಂದರು. ಆಮೇಲೆ, ಇದನ್ನ ತೆಗೆಸೋಕಾಗುತ್ತಾ ಎಂದು ಕೇಳಿದರು. ಯಾವುದನ್ನು, ಗೆಳತಿಯನ್ನೋ ಎಂದೆ.

"ಇಡೀ ಪುಟಾನೇ. ನಾನು ಇಲ್ದೇ ಇದ್ರೂ ಪರವಾಗಿಲ್ಲ. ಸುಳ್ಳು ಬೇಡ" ಎಂದರು.

ತೆಗೆಸುವುದಕ್ಕೂ ನಮ್ಮಲ್ಲಿ ಪದ್ಧತಿ ಇದೆ. ಈ ಸಿನಿಮಾಕ್ಕೆ ವಿಶ್ವಕೋಶದಲ್ಲಿ ಜಾಗ ಕೊಡುವಷ್ಟು ಮಹತ್ವವಿದೆಯೇ ಎಂದು ಒಂದು ವಾರ ಚರ್ಚೆಯಾಗಬೇಕು. ಯಾರು ಬೇಕಾದರೂ ಉಳಿಸಿ, ಅಳಿಸಿ ಎಂದು ಕಾರಣ ಸಮೇತ ಬರೆಯಬಹುದು, ಕೊನೆಗೆ ಒಬ್ಬರು ತೀರ್ಪು ಕೊಡುತ್ತಾರೆ. ನಾನು ಅಳಿಸಿ ಎಂದು ಸೂಚನೆ ಇಟ್ಟೆ. ಅಭಿಮಾನಿಗಳ ದಂಡೇ ಬಂತು. ಮಹಾನ್ ನಟಿಯ ಮೊದಲ ಚಿತ್ರವನ್ನು ಅಳಿಸಲು ನೀವ್ಯಾರು, ಕನ್ನಡದ ದ್ರೋಹಿ, ನಿಮಗೆ ಮಾಡಲು ಬೇರೆ ಕೆಲಸವಿಲ್ಲವೇ, ಎಲ್ಲ ಆಯಿತು. ಅವರ ಕಡೆ ನಾಲ್ಕು ಉಲ್ಲೇಖ. ನನ್ನ ಕಡೆ ಅಕ್ಕನ ಮಾತು, ಅದನ್ನು ಅಲ್ಲಿ ಹೇಳುವ ಹಾಗೇ ಇಲ್ಲ.

ಗೆಲ್ಲಲು ಇದ್ದದ್ದು ಒಂದೇ ದಾರಿ. ಅಲ್ಲಿನ ನಿಯಮದ ಪ್ರಕಾರ, ಶುರುವಾಗಿ ಮುಗಿಯದ ಸಿನಿಮಾಕ್ಕೆ ಸಾಮಾನ್ಯವಾಗಿ ಪುಟವಿಲ್ಲ. ನಾನು ಬರೆದೆ: ಮೂರು ವರದಿಗಳು ಹೇಳುವುದು ಮುಹೂರ್ತ ನಡೆಯಿತೆಂದು ಮಾತ್ರ. ನಾಲ್ಕನೆಯದು ನಮ್ಮ ಪುಟವನ್ನೇ ನೋಡಿ ಬರೆದದ್ದು, ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಆದ್ದರಿಂದ ಈ ಚಿತ್ರ ತಯಾರಾಯಿತೆಂಬುದಕ್ಕೆ ಯಾವ ಆಧಾರವೂ ಇಲ್ಲ. ಅದನ್ನು ಟೈಪ್ ಮಾಡುವಾಗ ನನ್ನ ತಲೆಯ ಮೇಲೆ, ಚಾವಣಿಯ ಆಚೆ, ಆ ಸಿನಿಮಾ ಮಾಡಿದ ಹೆಂಗಸು ಓಡಾಡುತ್ತಿದ್ದ ಹೆಜ್ಜೆಯ ಸದ್ದು ಕೇಳಿಸುತ್ತಿತ್ತು. ಇಷ್ಟು ಒಳ್ಳೆಯ ವಾದವನ್ನು ನಾನು ಜನ್ಮದಲ್ಲಿ ಬರೆದಿರಲಿಲ್ಲ. ಬಸವನಗುಡಿಯ ಅಧಿಕಾರಿಗಳು ಒಪ್ಪಿದರು. ಪುಟ ಹೋಯಿತು. ಅದು ಇದ್ದ ಜಾಗದಲ್ಲಿ ನನ್ನ ವಾದದ ಒಂದು ಸಾಲು ಉಳಿಯಿತು: ಚಿತ್ರ ತಯಾರಾಯಿತೆಂಬುದಕ್ಕೆ ಆಧಾರವಿಲ್ಲ, ಅಳಿಸಲಾಗಿದೆ. ಕೆಲಸ ಚೆನ್ನಾಗಿ ಆಯಿತು ಎಂದು ಅವರು ನನಗೆ ಬರೆದಿದ್ದರು.

ಮುಂದಿನ ಶುಕ್ರವಾರದ ಪಾರಾಯಣ ಅಕ್ಕನ ಮನೆಯಲ್ಲೇ ಇತ್ತು. ನನ್ನನ್ನೂ ಕರೆದಿದ್ದರು. ನಾನು ಕಾಫಿ ಹಂಚಲು ನಿಂತೆ. ಎಲ್ಲ ಮುಗಿದು ಪ್ರಸಾದ ಕೊಡುವ ಹೊತ್ತಿಗೆ ಅದೇ ಹೆಂಗಸು, ಮೊದಲ ದಿನ ಫೋನ್ ತೆಗೆದವರು, ನಿಮ್ಮ ಸಂದರ್ಶನ ನೋಡಿದೆ ಕಣ್ರೀ, ಗೆಳತಿ ಪಾತ್ರ ಅಂತಲ್ಲ ಎಂದರು. ಅಕ್ಕ, ಅದು ತಪ್ಪು, ಆ ಪುಟಾನ ತೆಗೆಸಿದ್ದೀವಿ ಎಂದರು. ಆಕೆ ಮತ್ತೆ ಫೋನ್ ತೆಗೆದರು. ಮತ್ತೆ ಕನ್ನಡಕ ಏರಿತು. ನಾನು ಬರೆದ ಸಾಲನ್ನು, ನನ್ನದೇ ಸಾಲನ್ನು, ನನ್ನ ಮುಂದೆಯೇ ಗಟ್ಟಿಯಾಗಿ ಓದಿದರು. ಅಂಥ ಸಿನಿಮಾನೇ ಬಂದಿಲ್ವಂತೆ ಎಂದು ಉಳಿದವರಿಗೆ ಬಿಡಿಸಿ ಹೇಳಿದರು.

ಈ ಸಲ ಯಾರೂ ನಗಲಿಲ್ಲ. ಒಬ್ಬರು ಬಾಗಿ ಅಕ್ಕನ ಕೈ ಮೇಲೆ ಕೈ ಇಟ್ಟು, ಊಟ ತಿಂಡಿ ಸರಿಯಾಗಿ ಮಾಡ್ತಿದೀರಾ, ನಿದ್ದೆ ಬರುತ್ತಾ ಎಂದು ಕೇಳಿದರು. ಅಕ್ಕ ಹೂಂ ಎಂದರು. ಪ್ರಸಾದದ ದೊನ್ನೆ ಹಿಡಿದ ಅವರ ಕೈ ಮುಂದೆ ಹೋಗಲಿಲ್ಲ, ಅಲ್ಲೇ ನಿಂತುಬಿಟ್ಟಿತು.

ನನಗೆ ತಡೆಯಲಾಗಲಿಲ್ಲ. ಕಾಫಿಯ ತಟ್ಟೆಯನ್ನು ನೆಲಕ್ಕಿಟ್ಟೆ.

"ಬಂದಿದೆ ರೀ. ನಾನು ನೋಡಿದೀನಿ. ಇವರೇ ಹೀರೋಯಿನ್" ಎಂದೆ.

ಎಲ್ಲರೂ ತಿರುಗಿದರು. ಎಲ್ಲಿ, ಯಾವಾಗ ಎಂದು ಕೇಳಿದರು. ಶೇಷಾದ್ರಿಪುರಂನಲ್ಲಿದ್ದೆವು, ಚಿಕ್ಕವಳು, ನಮ್ಮ ಚಿಕ್ಕಮ್ಮ ಮೆಜೆಸ್ಟಿಕ್ ಕಡೆ ಕರೆದುಕೊಂಡು ಹೋಗಿದ್ದರು, ಬೆಳಗಿನ ಆಟ ಎಂದೆ. ನಾವು ಶೇಷಾದ್ರಿಪುರಂನಲ್ಲಿದ್ದದ್ದು ನಿಜ. ಚಿಕ್ಕಮ್ಮ ಇದ್ದದ್ದೂ ನಿಜ. ಉಳಿದದ್ದು ಬಾಯಿಂದ ಸರಾಗವಾಗಿ ಬಂತು. ಉಲ್ಲೇಖವಿಲ್ಲದೆ ಒಂದು ಸಾಲನ್ನೂ ಉಳಿಯಗೊಡದವಳು ನಾನು, ಅಲ್ಲಿ ನಿಂತು ಒಂದಾದ ಮೇಲೊಂದು ಹೇಳಿದೆ. ಫೋನಿನವರು ಹೌದಾ ಎಂದು ಫೋನನ್ನು ಬ್ಯಾಗಿಗೆ ಹಾಕಿಕೊಂಡರು. ಅಷ್ಟೇ. ಇನ್ನೊಂದು ಪ್ರಶ್ನೆಯಿಲ್ಲ, ಅನುಮಾನವಿಲ್ಲ. ಕಥೆ ಏನು, ಹೀರೋ ಹೇಗಿದ್ದ, ಹಾಡು ಎಲ್ಲಿ ತೆಗೆದರು ಎಂದು ಅಕ್ಕನ ಸುತ್ತ ಕೂತರು. ತಿಂಗಳುಗಟ್ಟಲೆ ನಿಜ ಹೇಳಿಕೊಂಡು ತಿರುಗಿ ಆಗದ ಕೆಲಸ ಒಂದು ಸುಳ್ಳಿಗೆ ಆಗಿಹೋಯಿತು. ನನಗೆ ಸಂತೋಷವಾಗಬೇಕಿತ್ತು, ಅಡುಗೆಮನೆಗೆ ಹೋಗಿ ಲೋಟಗಳನ್ನು ದಡದಡ ತೊಳೆದೆ.

ಎಲ್ಲರೂ ಹೋದ ಮೇಲೆ ಅಕ್ಕ ಒಳಗೆ ಬಂದು ನನ್ನ ಪಕ್ಕ ನಿಂತರು. ಸುಳ್ಳು ಬೇಡ ಎಂದವರು ಅವರು. ಬೈಯುತ್ತಾರೆ ಎಂದುಕೊಂಡು, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತ ಕಾದೆ. ಅವರು ಸೆರಗಿನಿಂದ ಒಂದು ಲೋಟ ಒರೆಸಿ ಇಟ್ಟು, ಇನ್ನೊಂದನ್ನು ತೆಗೆದುಕೊಂಡರು. ಮುಖ ನೋಡಿದೆ. ಕೋಪವಿರಲಿಲ್ಲ.

"ನೋಡಿದ್ದವಳು ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?" ಎಂದರು.

ಚಿಕ್ಕವಳಿದ್ದೆ ಅಕ್ಕ, ಮರೆತುಹೋಗಿತ್ತು ಎಂದೆ.

ಅವರು ತಲೆಯಾಡಿಸಿ ಆ ಲೋಟವನ್ನೂ ಒರೆಸಿಟ್ಟರು. ಆಮೇಲೆ, ನನ್ನ ಕಡೆ ನೋಡದೆ, ನಾನು ಹೇಗೆ ಮಾಡಿದ್ದೆ ಎಂದು ಕೇಳಿದರು.

ಚೆನ್ನಾಗಿ ಮಾಡಿದ್ರಿ ಎಂದೆ.